ಟ್ಯಾಂಕು, ವಿಮಾನ ಎಲ್ಲಾ ಇದ್ದೂ ಜರ್ಮನರಿಗೆ ಸ್ಟಾಲಿನ್‌ಗ್ರಾಡ್‌ನ ಕೊನೆಯ ಕೆಲವು ನೂರು ಮೀಟರ್ ಯಾಕೆ ದಾಟಲಾಗಲಿಲ್ಲ?

ಬೆಣ್ಣೆದೋಸೆ_ಪ್ರಿಯ

ನಮಸ್ಕಾರ ಎಲ್ಲರಿಗೂ. ಮಗ ಪಿಯುಸಿ, ಇತಿಹಾಸ ತಗೊಂಡಿದ್ದಾನೆ. ಮೊನ್ನೆ ಅವನ ಜೊತೆ ಕೂತು ಎರಡನೇ ಮಹಾಯುದ್ಧದ ಒಂದು ಸಾಕ್ಷ್ಯಚಿತ್ರ ನೋಡಿದೆ. ಮುಗಿದ ಮೇಲೆ ಅವನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

1942ರ ಆಗಸ್ಟ್ 23ರಂದು ಜರ್ಮನ್ ಟ್ಯಾಂಕುಗಳು ಡಾನ್ ನದಿ ಕಡೆಯಿಂದ ಹೊರಟು ಒಂದೇ ದಿನದಲ್ಲಿ ರಷ್ಯಾದ ಸ್ಟಾಲಿನ್‌ಗ್ರಾಡ್‌ ಊರಿನ ಉತ್ತರಕ್ಕೆ ವೋಲ್ಗಾ ನದಿ ದಡ ಮುಟ್ಟಿದವು. ಅದೇ ದಿನ ವಿಮಾನಗಳು ಬಂದು ಊರನ್ನು ಸುಟ್ಟವು. ಅಲ್ಲಿಂದ ನವೆಂಬರ್ ಅರ್ಧದವರೆಗೂ ಹೊಡೆದಾಡಿದರು. ಊರಿನ ಹತ್ತರಲ್ಲಿ ಒಂಬತ್ತು ಪಾಲು ಕೈಗೆ ಬಂತು. ಉಳಿದಿದ್ದು ನದಿ ದಂಡೆಗೆ ಅಂಟಿಕೊಂಡ ಒಂದೆರಡು ತುಂಡು ನೆಲ, ಕೆಲವು ಕಡೆ ಅಗಲ ಬರೀ ಕೆಲವು ನೂರು ಮೀಟರ್. ಫ್ರಾನ್ಸನ್ನು ಆರು ವಾರದಲ್ಲಿ ಮುಗಿಸಿದ ಸೈನ್ಯಕ್ಕೆ ಅಷ್ಟು ದೂರ ದಾಟೋಕೆ ಆಗಲಿಲ್ಲ ಅಂದರೆ ಏನರ್ಥ? ಕಾಲೇಜಿನಲ್ಲಿ ಮೇಷ್ಟ್ರು "ರಷ್ಯಾದ ಚಳಿ ಸೋಲಿಸಿತು" ಅಂದರಂತೆ. ಇಷ್ಟೇನಾ ವಿಷಯ?

ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ. ಮಗನೂ ಓದುತ್ತಾನೆ.

ಓದುಬಾಕ_ಮೈಸೂರು

ಚಳಿ ಅನ್ನೋದು ಸುಲಭದ ಉತ್ತರ ಸರ್, ಮೇಷ್ಟ್ರಿಗೂ ಸಿಲಬಸ್ ಮುಗಿಸಬೇಕಲ್ವಾ. ಆದರೆ ದಿನಾಂಕ ನೋಡಿ. ಊರಿನೊಳಗೆ ದೊಡ್ಡ ದಾಳಿ ಶುರುವಾಗಿದ್ದು ಸೆಪ್ಟೆಂಬರ್ 13. ಟ್ರ್ಯಾಕ್ಟರ್ ಕಾರ್ಖಾನೆ ಮೇಲೆ ಅತಿ ಭಯಂಕರ ದಾಳಿ ನಡೆದಿದ್ದು ಅಕ್ಟೋಬರ್ 14. ಆಗಿನ್ನೂ ವೋಲ್ಗಾ ಹರಿಯುತ್ತಿತ್ತು. ಅವರು ಸಿಕ್ಕಿಕೊಂಡಿದ್ದು ಹಿಮದಲ್ಲಿ ಅಲ್ಲ, ತಾವೇ ಕೆಡವಿದ ಕಟ್ಟಡಗಳ ರಾಶಿಯಲ್ಲಿ. ಹಿಮ ಆಮೇಲೆ ಬಂತು.

ಮೊದಲು ಊರಿನ ಆಕಾರ ಕಣ್ಣ ಮುಂದೆ ತಂದುಕೊಳ್ಳಿ. ನಮ್ಮ ಊರುಗಳ ಹಾಗೆ ದುಂಡಗಿಲ್ಲ. ವೋಲ್ಗಾದ ಪಶ್ಚಿಮ ದಡಕ್ಕೆ ಅಂಟಿಕೊಂಡು 40 ಕಿಲೋಮೀಟರಿಗೂ ಜಾಸ್ತಿ ಉದ್ದ, ಅಗಲ ಮಾತ್ರ ಕೆಲವೇ ಕಿಲೋಮೀಟರ್, ಒಂಥರಾ ರಿಬ್ಬನ್. ನಡುವೆ ಮಮಾಯೆವ್ ಕುರ್ಗಾನ್ ಅನ್ನೋ ಗುಡ್ಡ, ಸೈನ್ಯದ ನಕ್ಷೆಯಲ್ಲಿ ಅದರ ಹೆಸರು ಬರೀ 102. ದಕ್ಷಿಣಕ್ಕೆ ರೈಲು ನಿಲ್ದಾಣ, ಧಾನ್ಯದ ದೊಡ್ಡ ಉಗ್ರಾಣ. ಉತ್ತರಕ್ಕೆ ಸಾಲಾಗಿ ಮೂರು ದೈತ್ಯ ಕಾರ್ಖಾನೆಗಳು: ಕ್ರಾಸ್ನಿ ಅಕ್ತ್ಯಾಬರ್ ಉಕ್ಕಿನ ಕಾರ್ಖಾನೆ, ತೋಪು ಮಾಡುವ ಬಾರಿಕಾಡಿ, ತೀರಾ ಉತ್ತರಕ್ಕೆ ಟ್ರ್ಯಾಕ್ಟರ್ ಕಾರ್ಖಾನೆ. ಹೆಸರಿಗೆ ಟ್ರ್ಯಾಕ್ಟರ್, ಯುದ್ಧದಲ್ಲಿ ಮಾಡುತ್ತಿದ್ದುದು ಟಿ-34 ಟ್ಯಾಂಕು. ಬಣ್ಣ ಕೂಡ ಬಳಿಯದೆ ನೇರ ರಣರಂಗಕ್ಕೆ ಓಡಿಸಿದ ಟ್ಯಾಂಕುಗಳಿವೆ.

ಸಾಮಾನ್ಯವಾಗಿ ಜರ್ಮನರು ಮಾಡುತ್ತಿದ್ದುದು ಏನು? ಬಯಲಲ್ಲಿ ವೇಗವಾಗಿ ನುಗ್ಗಿ ಎದುರಾಳಿಯ ಬೆನ್ನಿಗೆ ಹೋಗಿ ಸುತ್ತುವರಿಯೋದು. ಇಲ್ಲಿ ಎದುರಾಳಿಯ ಬೆನ್ನಿಗೆ ಇದ್ದದ್ದು ಒಂದು ಕಿಲೋಮೀಟರಿಗೂ ಜಾಸ್ತಿ ಅಗಲದ ನದಿ. ಸುತ್ತುವರಿಯೋದು ಹೇಗೆ? ಮುಂದಿನಿಂದಲೇ ತಳ್ಳಬೇಕು, ಮನೆ ಮನೆಯಾಗಿ. ಆ ಕೆಲಸಕ್ಕೆ ಅವರ ಸೈನ್ಯವನ್ನು ಕಟ್ಟಿರಲೇ ಇಲ್ಲ.

ಸೆಪ್ಟೆಂಬರ್ 12ಕ್ಕೆ ಊರು ಕಾಯುತ್ತಿದ್ದ ಸೋವಿಯತ್ 62ನೇ ಸೈನ್ಯಕ್ಕೆ ವಾಸಿಲಿ ಚುಯಿಕೋವ್ ಸೇನಾಪತಿಯಾಗಿ ಬಂದ. ಅವನ ಲೆಕ್ಕ ಸರಳ. ಜರ್ಮನ್ ವಿಮಾನ ಬಾಂಬ್ ಹಾಕಬೇಕಾದರೆ ಎರಡು ಕಡೆಯವರ ನಡುವೆ ಒಂದಿಷ್ಟು ಜಾಗ ಬೇಕು, ಇಲ್ಲದಿದ್ದರೆ ತಮ್ಮವರ ತಲೆ ಮೇಲೇ ಬೀಳುತ್ತದೆ. ಹಾಗಾದರೆ ಆ ಜಾಗವನ್ನೇ ಕೊಡಬೇಡಿ ಅಂದ. ಗ್ರೆನೇಡ್ ಎಸೆದರೆ ಮುಟ್ಟುವಷ್ಟು ದೂರದಲ್ಲೇ ಇರಿ, ಶತ್ರುವಿನ ಮೈಗೆ ಜಿಗಣೆ ಹಾಗೆ ಅಂಟಿಕೊಳ್ಳಿ. ಎಷ್ಟೋ ಕಡೆ ಒಂದೇ ಕಟ್ಟಡದ ಕೆಳಗಿನ ಮಹಡಿ ಇವರದ್ದು, ಮೇಲಿನದು ಅವರದ್ದು ಅನ್ನುವ ಹಾಗಾಯಿತು. ವಿಮಾನದ ಬಲ ಅರ್ಧಕ್ಕರ್ಧ ಅಲ್ಲೇ ಹೋಯಿತು.

ಇನ್ನೊಂದು ವಿಷಯ ಜನ ಮರೀತಾರೆ. ಸೋವಿಯತ್ತರ ದೊಡ್ಡ ತೋಪುಗಳು ಊರಲ್ಲಿ ಇರಲೇ ಇಲ್ಲ! ನದಿಯ ಆಚೆ, ಪೂರ್ವ ದಡದಲ್ಲಿ ಇದ್ದವು. ಊರಿನಲ್ಲಿ ಕೂತವನು ಫೋನಿನಲ್ಲೋ ರೇಡಿಯೋದಲ್ಲೋ ಜಾಗ ಹೇಳುತ್ತಾನೆ, ಗುಂಡು ನದಿ ದಾಟಿ ಬರುತ್ತದೆ. ಜರ್ಮನರು ಕಾರ್ಖಾನೆ ಹಿಡಿಯಬಹುದಿತ್ತು, ಆ ತೋಪುಗಳನ್ನು ಹಿಡಿಯೋಕೆ ನದಿ ದಾಟಬೇಕಿತ್ತು.

ನಿವೃತ್ತ_ಹವಾಲ್ದಾರ್

ಓದುಬಾಕ ಅವರು ಸರಿಯಾಗಿ ಹೇಳಿದ್ದಾರೆ. ನಾನು ಪುಸ್ತಕ ಓದಿದ್ದು ಕಡಿಮೆ. ಕಾಲಾಳು ಪಡೆಯಲ್ಲಿ 17 ವರ್ಷ ಇದ್ದೆ, ಕಟ್ಟಡದೊಳಗೆ ನುಗ್ಗುವ ತರಬೇತಿ ನಾನೂ ಮಾಡಿದ್ದೇನೆ, ಹುಡುಗರಿಗೂ ಮಾಡಿಸಿದ್ದೇನೆ. ಆ ಕಡೆಯಿಂದ ಎರಡು ಮಾತು.

ತಮ್ಮಾ (ಮಗನಿಗೆ ಹೇಳ್ತಿದ್ದೀನಿ), ಟ್ಯಾಂಕು ಬೀದಿಯಲ್ಲಿ ಅರ್ಧ ಕುರುಡ. ತೋಪಿನ ನಳಿಗೆ ಒಂದು ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ, ಕೆಳಗೂ ಇಳಿಯುವುದಿಲ್ಲ. ಮೂರನೇ ಮಹಡಿಯಿಂದ ಪೆಟ್ರೋಲ್ ಬಾಟಲಿ ಎಸೆಯುವವನೂ ಅದಕ್ಕೆ ಸಿಗಲ್ಲ, ನೆಲಮಾಳಿಗೆಯ ಕಿಂಡಿಯಿಂದ ಹೊಡೆಯುವವನೂ ಸಿಗಲ್ಲ. ಮೇಲೆ ಕಲ್ಲುಮಣ್ಣಿನ ರಾಶಿ. ಹಿಂದಕ್ಕೆ ತಿರುಗಿಸೋಕೂ ಜಾಗ ಇಲ್ಲ.

ಆಮೇಲೆ ಜನದ ಲೆಕ್ಕ. ಒಂದು ಕಟ್ಟಡ ಖಾಲಿ ಮಾಡಿಸೋಕೆ ನಾವು ಅಭ್ಯಾಸ ಮಾಡುವಾಗಲೇ ಒಂದು ತುಕಡಿ ಸಾಕಾಗುತ್ತಿರಲಿಲ್ಲ. ಒಂದು ಕೋಣೆ ಆದ ಮೇಲೆ ಅಲ್ಲಿ ಇಬ್ಬರನ್ನು ಬಿಡಬೇಕು, ಇಲ್ಲದಿದ್ದರೆ ಹಿಂದಿನಿಂದ ಮತ್ತೆ ಬಂದು ಕೂರುತ್ತಾರೆ. ಮೆಟ್ಟಿಲಿಗೆ ಒಬ್ಬ. ನಾಲ್ಕನೇ ಮಹಡಿಗೆ ಹೋಗುವಷ್ಟರಲ್ಲಿ ನಿನ್ನ ಜೊತೆ ಯಾರೂ ಇರಲ್ಲ. ಇದು ಯಾರೂ ಗುಂಡು ಹೊಡೆಯದ ಅಭ್ಯಾಸದಲ್ಲಿ! ಅಲ್ಲಿ ನಿಜವಾಗಿ ಹೊಡೆಯುತ್ತಿದ್ದರು, ಮೂರು ತಿಂಗಳು, ದಿನಾ.

ಚುಯಿಕೋವ್ ಮಾಡಿದ್ದು ಏನಂದರೆ ದೊಡ್ಡ ತುಕಡಿಗಳನ್ನು ಮುರಿದು ಸಣ್ಣ ಸಣ್ಣ ದಾಳಿ ಗುಂಪು ಮಾಡಿದ. ಮೊದಲು ಆರೇಳು ಜನ ಗ್ರೆನೇಡ್, ಸಬ್‌ಮಷೀನ್ ಗನ್, ಚಾಕು, ಅಂಚು ಮಸೆದ ಸಲಿಕೆ ಹಿಡಿದು ಒಳಗೆ. ಅವರು ಒಳಗೆ ಹೋಗಿದ್ದು ಗೊತ್ತಾದ ತಕ್ಷಣ ಹಿಂದಿನಿಂದ ಮಷೀನ್ ಗನ್, ಗುದ್ದಲಿ, ಸ್ಫೋಟಕ ಹೊತ್ತ ಇನ್ನೊಂದು ಗುಂಪು. ಮೂರನೆಯದು ಕಾವಲಿಗೆ. ಬಾಗಿಲಲ್ಲಿ ಹೋಗಬಾರದು, ಗೋಡೆ ಒಡೆದು ಪಕ್ಕದ ಕೋಣೆಗೆ ಹೋಗಬೇಕು. ಸಲಿಕೆ ಅಂದರೆ ನಗಬೇಡ. ಕತ್ತಲೆಯ ಕಿರಿದಾದ ಜಾಗದಲ್ಲಿ ಉದ್ದ ಬಂದೂಕು ತಿರುಗಿಸೋಕೇ ಆಗಲ್ಲ.

ಹಳೇ_ಫಿಟ್ಟರ್

ನಾನು ಯುದ್ಧ ನೋಡಿದವನಲ್ಲ. ಆದರೆ ಉಕ್ಕಿನ ಕಾರ್ಖಾನೆಯಲ್ಲಿ 31 ವರ್ಷ ಫಿಟ್ಟರ್. ಆ ಕ್ರಾಸ್ನಿ ಅಕ್ತ್ಯಾಬರ್ ಬಗ್ಗೆ ಓದಿದಾಗೆಲ್ಲ ನನಗೆ ಅನ್ನಿಸೋದು, ಬರೆಯುವವರು ಯಾರೂ ಇಂಥ ಕಾರ್ಖಾನೆ ಒಳಗೆ ಕಾಲಿಟ್ಟಿಲ್ಲ ಅಂತ. "ಕಟ್ಟಡ" ಅಂತ ಒಂದೇ ಪದದಲ್ಲಿ ಮುಗಿಸುತ್ತಾರೆ. ಕಟ್ಟಡ ಅಲ್ಲ ಸ್ವಾಮಿ ಅದು.

ಅಲ್ಲಿ ಜರ್ಮನರು ನಾಲ್ಕನೇ ನಂಬರ್ ಶೆಡ್ ಅಂತ ಕರೆಯುತ್ತಿದ್ದ ಒಂದು ಜಾಗ ಇತ್ತು, ಉಕ್ಕು ಕರಗಿಸುವ ಓಪನ್ ಹಾರ್ತ್ ಕುಲುಮೆಗಳಿದ್ದ ಶೆಡ್. ನವೆಂಬರ್‌ನಲ್ಲಿ ಅದಕ್ಕಾಗಿ ಮತ್ತೆ ಮತ್ತೆ ದಾಳಿ ಮಾಡಿದರು, ಪೂರ್ತಿ ಕೈಗೆ ಬರಲಿಲ್ಲ. ಓಪನ್ ಹಾರ್ತ್ ಅಂದರೆ ಏನು ಅಂತ ಗೊತ್ತಿದ್ದರೆ ಯಾಕೆ ಬರಲಿಲ್ಲ ಅನ್ನೋದೂ ಗೊತ್ತಾಗುತ್ತದೆ. ನೀವು ಮೇಲೆ ನೋಡೋ ಕುಲುಮೆ ಅರ್ಧ ಮಾತ್ರ. ಇನ್ನರ್ಧ ನೆಲದ ಕೆಳಗೆ. ಒಳಗೆ ಹೋಗುವ ಗಾಳಿ, ಗ್ಯಾಸು ಕಾಯಿಸೋಕೆ ಕೆಳಗೆ ದೊಡ್ಡ ದೊಡ್ಡ ಕೋಣೆ ಕಟ್ಟಿರುತ್ತಾರೆ, ಒಳಗೆಲ್ಲ ಜಾಲರಿ ಹಾಗೆ ಜೋಡಿಸಿದ ಬೆಂಕಿ ಇಟ್ಟಿಗೆ. ಅಲ್ಲಿಂದ ಚಿಮಣಿಗೆ ಹೊಗೆ ಹೋಗುವ ಕಾಲುವೆ. ಸಣ್ಣದಲ್ಲ. ನಾವು ಶಟ್‌ಡೌನ್‌ನಲ್ಲಿ ಅಂಥ ಕಾಲುವೆಗೆ ಇಳಿದು ಬಗ್ಗದೆ ನಡೆದಿದ್ದೇವೆ. ಟಾರ್ಚ್ ಆರಿಸಿದರೆ ನಿಮ್ಮ ಕೈ ನಿಮಗೆ ಕಾಣಲ್ಲ. ಮೇಲೆ ಕ್ರೇನ್ ಓಡಿದರೆ ದೂರದ ಗುಡುಗಿನ ಹಾಗೆ ಕೇಳುತ್ತದೆ, ಅಷ್ಟೇ. ನನಗೆ ಮೊದಲ ಸಲ ಉಸಿರು ಕಟ್ಟಿ ಹತ್ತೇ ನಿಮಿಷಕ್ಕೆ ಮೇಲೆ ಬಂದೆ, ಮೇಸ್ತ್ರಿ ಬೈದ.

ಈಗ ಹೇಳಿ. ಇದರ ಮೇಲೆ ಬಾಂಬ್ ಹಾಕಿದರೆ ಏನಾಗುತ್ತದೆ? ಮಾಡಿನ ಶೀಟು, ಗಾಜು ಹೋಗುತ್ತದೆ. ಮಾಡು ಹೊತ್ತ ಕಬ್ಬಿಣದ ಟ್ರಸ್ಸು ಬಗ್ಗಿ ಕುಲುಮೆ ಮೇಲೆ ಬೀಳುತ್ತದೆ. ಕೆಳಗಿನವನಿಗೆ ಇನ್ನೊಂದು ಮಾಡು ಸಿಕ್ಕಿತು! ಶೆಡ್ ತುಂಬಾ ಕರಗಿದ ಉಕ್ಕು ಸುರಿಯುವ ಬೀಡಿನ ಇಂಗಾಟ್ ಅಚ್ಚುಗಳು ಬಿದ್ದಿರುತ್ತವೆ, ಒಂದೊಂದೂ ಟನ್‌ಗಟ್ಟಲೆ ತೂಕ. ನಾಲ್ಕು ಅಚ್ಚು ಒತ್ತಾಗಿ ನಿಲ್ಲಿಸಿದರೆ ಅದರ ಮುಂದೆ ಯಾವ ಗೋಡೆ? ಮಷೀನುಗಳ ಫೌಂಡೇಶನ್ ಅಂತೂ ಆಳು ಎತ್ತರದ ಕಾಂಕ್ರೀಟ್. ರೈಲು ಹಳಿ, ವ್ಯಾಗನ್, ಪೈಪು, ಕೇಬಲ್ ಕಾಲುವೆ. ಅಲ್ಲಿ ಕೆಲಸ ಮಾಡಿದವನಿಗೆ ಯಾವ ಕಿಂಡಿ ಎಲ್ಲಿ ತೆರೆಯುತ್ತದೆ ಗೊತ್ತು. ಹೊರಗಿನಿಂದ ಬಂದವನಿಗೆ ಎಲ್ಲಾ ಒಂದೇ ಥರ ತುಕ್ಕು. ಕಾರ್ಖಾನೆಗಳ ಕೆಲಸಗಾರರೂ ಬಂದೂಕು ಹಿಡಿದು ಹೋರಾಡಿದ್ದಾರೆ, ಅದನ್ನು ಮರೆಯಬೇಡಿ.

ಬೆಣ್ಣೆದೋಸೆ_ಪ್ರಿಯ

ಫಿಟ್ಟರ್ ಅಣ್ಣಾ, ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಮಗ ಎರಡು ಸಲ ಓದಿದ.

ಅವನದ್ದೇ ಇನ್ನೊಂದು ಪ್ರಶ್ನೆ. ಇಷ್ಟು ಜನಕ್ಕೆ ಊಟ, ಗುಂಡು ಹೇಗೆ ಬರುತ್ತಿತ್ತು? ಆಮೇಲೆ ಸಿನಿಮಾದಲ್ಲಿ ತೋರಿಸುವ ಆ ಸ್ನೈಪರ್‌ಗಳ ಕಥೆ ನಿಜಾನಾ?

ಓದುಬಾಕ_ಮೈಸೂರು

ಸ್ನೈಪರ್ ವಾಸಿಲಿ ಜೈತ್ಸೆವ್ ನಿಜವಾದ ಮನುಷ್ಯ. ನವೆಂಬರ್ 10ರಿಂದ ಡಿಸೆಂಬರ್ 17ರ ಒಳಗೆ 225 ಜನರನ್ನು ಹೊಡೆದ ಅಂತ ಅವನ ಲೆಕ್ಕ. ಅವನನ್ನು ಕೊಲ್ಲೋಕೆ ಬರ್ಲಿನ್‌ನಿಂದ ದೊಡ್ಡ ಜರ್ಮನ್ ಸ್ನೈಪರ್ ಬಂದ, ಇಬ್ಬರೂ ದಿನಗಟ್ಟಲೆ ಎದುರುಬದುರು ಕಾದರು ಅನ್ನೋದಕ್ಕೆ ಜರ್ಮನ್ ಕಡತಗಳಲ್ಲಿ ಆಧಾರ ಸಿಕ್ಕಿಲ್ಲ. ನಾನಂತೂ ನಂಬಲ್ಲ. ಕಥೆ ಚೆನ್ನಾಗಿದೆ, ಅಷ್ಟೇ.

ಊಟ, ಗುಂಡು ಎಲ್ಲಾ ದೋಣಿಯಲ್ಲಿ. ಅದೇ ಈ ಯುದ್ಧದ ಕುತ್ತಿಗೆ. ರಾತ್ರಿ ಹೊತ್ತು ಫೆರಿ, ಮೀನು ಹಿಡಿಯುವ ದೋಣಿ, ತೆಪ್ಪ, ಸಿಕ್ಕಿದ್ದರಲ್ಲೆಲ್ಲ ಜನ ಮತ್ತು ಸಾಮಾನು ದಾಟಿಸುತ್ತಿದ್ದರು. ಜರ್ಮನರು ಬೆಳಕಿನ ಬಾಣ ಹಾರಿಸಿ ನದಿ ಮೇಲೆ ಗುಂಡು ಸುರಿಸುತ್ತಿದ್ದರು. ವಾಪಸ್ ಬರುವಾಗ ಅದೇ ದೋಣಿಯಲ್ಲಿ ಗಾಯಾಳುಗಳು. ಸೆಪ್ಟೆಂಬರ್ 14ರ ರಾತ್ರಿ ರೊದಿಮ್ತ್ಸೆವ್‌ನ 13ನೇ ಗಾರ್ಡ್ಸ್ ಡಿವಿಷನ್ ದಾಟೋಕೆ ಶುರುಮಾಡಿತು, ಸುಮಾರು 10,000 ಜನ. ದೋಣಿಯಿಂದ ಇಳಿದವರು ದಡ ಹತ್ತಿ ನೇರ ಹೊಡೆದಾಟಕ್ಕೆ. ಅವರು ಅಂದು ಬರದಿದ್ದರೆ ಊರಿನ ನಡುಭಾಗ ಆ ವಾರವೇ ಹೋಗುತ್ತಿತ್ತು.

ಪಶ್ಚಿಮ ದಡ ಎತ್ತರವಾಗಿ ಕಡಿದಾಗಿ ಇದೆ. ಅದು ಅವರಿಗೆ ದೇವರು ಕೊಟ್ಟ ಗೋಡೆ. ದಡದ ಮಣ್ಣಿನಲ್ಲೇ ಗವಿ ಕೊರೆದು ಆಸ್ಪತ್ರೆ, ಕಚೇರಿ, ಉಗ್ರಾಣ ಎಲ್ಲಾ ಮಾಡಿಕೊಂಡರು. ಕತ್ಯೂಷಾ ರಾಕೆಟ್ ಲಾರಿಗಳನ್ನು ಹಿಂದಿನ ಚಕ್ರ ನೀರಿಗೆ ಇಳಿಯುವಷ್ಟು ಹಿಂದಕ್ಕೆ ತಂದು ದಡದ ಮೇಲಿಂದ ಹಾರಿಸುತ್ತಿದ್ದರಂತೆ. ಚುಯಿಕೋವ್‌ನ ಕಚೇರಿಯೂ ಅಂಥ ಗವಿಯೇ. ತಮಾಷೆ ನೋಡಿ, ಅದರ ಮೇಲ್ಗಡೆ ಎಣ್ಣೆ ಟ್ಯಾಂಕಿಗಳಿದ್ದವು. ಖಾಲಿ ಅಂದುಕೊಂಡಿದ್ದರು. ಅಕ್ಟೋಬರ್ ಮೊದಲ ವಾರದಲ್ಲಿ ಬಾಂಬ್ ಬಿದ್ದಾಗ ಗೊತ್ತಾಯಿತು, ತುಂಬಿವೆ ಅಂತ! ಉರಿಯುವ ಎಣ್ಣೆ ಕಚೇರಿ ಪಕ್ಕದಲ್ಲೇ ಹರಿದು ನದಿಗೆ ಹೋಯಿತು. ಚುಯಿಕೋವ್ ಬದುಕಿದ್ದೇ ದೊಡ್ಡದು.

ಒಗ್ಗರಣೆ_ಬೇಡ

ಎಲ್ಲರೂ ಒಳಗಿನ ಹೊಡೆದಾಟವನ್ನೇ ಹೊಗಳುತ್ತಿದ್ದೀರಿ. ಸ್ವಲ್ಪ ತಡೀರಿ. ಒಳಗೆ ಸೋವಿಯತ್ತರು ಗೆಲ್ಲುತ್ತಿರಲಿಲ್ಲ, ಸೋಲುತ್ತಿದ್ದರು, ನಿಧಾನವಾಗಿ. ಟ್ರ್ಯಾಕ್ಟರ್ ಕಾರ್ಖಾನೆ ಹೋಯಿತು. ಬಾರಿಕಾಡಿ ಬಹುಪಾಲು ಹೋಯಿತು, ಅದರ ಹಿಂದೆ ಲ್ಯುದ್ನಿಕೋವ್‌ನ 138ನೇ ಡಿವಿಷನ್ ಉದ್ದಗಲ ಒಂದು ಕಿಲೋಮೀಟರೂ ಇಲ್ಲದ ತುಂಡು ನೆಲದಲ್ಲಿ, ಮೂರು ಕಡೆ ಜರ್ಮನರು, ಒಂದು ಕಡೆ ನದಿ, ಹಾಗೆ ಸಿಕ್ಕಿಬಿತ್ತು. ನವೆಂಬರ್‌ನಲ್ಲಿ ನದಿ ತುಂಬ ಮಂಜುಗಡ್ಡೆ ತೇಲಿ ಬಂದು ದೋಣಿಯೂ ನಿಂತಿತು. ಸಣ್ಣ ವಿಮಾನದಿಂದ ಮೂಟೆ ಎಸೆದರೆ ಅರ್ಧ ಜರ್ಮನರಿಗೆ, ಅರ್ಧ ನೀರಿಗೆ.

ಗೆದ್ದದ್ದು ಹೊರಗೆ. ಜರ್ಮನ್ ಸೇನಾಪತಿ ಪೌಲುಸ್ ತನ್ನ 6ನೇ ಸೈನ್ಯದ ಒಳ್ಳೊಳ್ಳೆ ತುಕಡಿಗಳನ್ನೆಲ್ಲ ಊರಿನೊಳಗೆ ಸುರಿದ. ಎರಡೂ ಪಕ್ಕ ಕಾಯೋಕೆ ಉಳಿದವರು ಜರ್ಮನರ ಜೊತೆಗಿದ್ದ ರೊಮೇನಿಯಾದವರು. ಕಾಯಬೇಕಾದ ಸಾಲು ಉದ್ದ, ಟ್ಯಾಂಕು ಹೊಡೆಯುವ ಒಳ್ಳೆ ತೋಪು ಇಲ್ಲ. ನವೆಂಬರ್ 19ಕ್ಕೆ ಉತ್ತರದಿಂದ, 20ಕ್ಕೆ ದಕ್ಷಿಣದಿಂದ ಸೋವಿಯತ್ ದಾಳಿ. 23ಕ್ಕೆ ಊರಿನ ಪಶ್ಚಿಮಕ್ಕಿರುವ ಕಲಾಚ್ ಹತ್ತಿರ ಎರಡೂ ಸೇರಿದವು. ಎರಡೂವರೆ ಲಕ್ಷಕ್ಕೂ ಜಾಸ್ತಿ ಜನ ಒಳಗೆ ಬಂದಿ. ವಿಮಾನದಲ್ಲಿ ಸಾಮಾನು ತಲುಪಿಸುತ್ತೇನೆ ಅಂತ ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಜಂಬ ಕೊಚ್ಚಿದ. ದಿನಕ್ಕೆ ಕಡಿಮೆ ಅಂದರೂ 300 ಟನ್ ಬೇಕಿತ್ತು, ಸರಾಸರಿ ಅದರ ಅರ್ಧವೂ ಬರಲಿಲ್ಲ.

ಇನ್ನೊಂದು ಗಮ್ಮತ್ತು. ಊರೊಳಗಿನ ಹೊಡೆದಾಟಕ್ಕೆ ಜರ್ಮನ್ ಸೈನಿಕರು ಇಟ್ಟ ಹೆಸರು "ಇಲಿ ಯುದ್ಧ". ಅತ್ತ ರೊಮೇನಿಯಾದವರ ಹಿಂದೆ ಕಾವಲಿಗೆ ಇಟ್ಟಿದ್ದ ಜರ್ಮನ್ ಟ್ಯಾಂಕು ಡಿವಿಷನ್ ಚಳಿಗೆ ಅಂತ ಟ್ಯಾಂಕುಗಳಿಗೆ ಹುಲ್ಲು ಹೊದಿಸಿ ಗುಂಡಿಯಲ್ಲಿ ನಿಲ್ಲಿಸಿತ್ತು. ಕರೆ ಬಂದಾಗ ಎಷ್ಟೋ ಟ್ಯಾಂಕು ಸ್ಟಾರ್ಟೇ ಆಗಲಿಲ್ಲ. ಹುಲ್ಲಿನಲ್ಲಿದ್ದ ಇಲಿಗಳು ವೈರು ಕಡಿದಿದ್ದವು!

ನಿವೃತ್ತ_ಹವಾಲ್ದಾರ್

@ಒಗ್ಗರಣೆ_ಬೇಡ, ಮಾತು ಒಪ್ಪಿದೆ. ಆದರೆ ಪೌಲುಸ್ ಒಳ್ಳೊಳ್ಳೆ ತುಕಡಿ ಒಳಗೆ ಯಾಕೆ ಸುರಿದ? ಒಳಗಿದ್ದವರು ಬಿಡಲಿಲ್ಲ ಅಂತ ತಾನೇ? ಹುಲಿ ಹೊಡೆಯಬೇಕಾದರೆ ಮೊದಲು ಬೋನಿನಲ್ಲಿ ಮೇಕೆ ಕಟ್ಟುತ್ತಾರೆ. ಗೆದ್ದವನು ಬಂದೂಕು ಹಿಡಿದವನು, ಸರಿ. ಆ ಮೇಕೆಗೆ ಅದನ್ನು ಹೇಳಿ ನೋಡಿ. ಸೋವಿಯತ್ತರಲ್ಲೇ ಸತ್ತವರು, ಕಾಣೆಯಾದವರು ಸೇರಿ 4,78,000ಕ್ಕೂ ಜಾಸ್ತಿ.

ವೋಲ್ಗಾ_ತೀರದ_ಹುಡುಗಿ

ತಡವಾಗಿ ನೋಡಿದೆ. ನಾನು ಈ ಊರಿನಲ್ಲೇ ಮೆಡಿಕಲ್ ಓದುತ್ತಿದ್ದೇನೆ, ಈಗ ಹೆಸರು ವೋಲ್ಗೊಗ್ರಾಡ್, 1961ರಲ್ಲಿ ಬದಲಾಯಿಸಿದ್ದು. ನಮ್ಮ ಕಡೆಯ ಮಕ್ಕಳು ಸುಮಾರು ಜನ ಇದ್ದೇವೆ. ಬಂದ ಮೊದಲ ತಿಂಗಳು ನನಗೆ ಮೊಬೈಲ್ ನಕ್ಷೆಯಲ್ಲಿ ಊರು ಮುಗಿಯೋದೇ ಇಲ್ಲ ಅನ್ನಿಸಿತ್ತು. ಓದುಬಾಕ ಅಂಕಲ್ ಹೇಳಿದ್ದು ಸರಿ, ನಿಜಕ್ಕೂ ರಿಬ್ಬನ್. ಟ್ರ್ಯಾಮ್ ಹತ್ತಿ ಉತ್ತರಕ್ಕೆ ಹೋಗ್ತಾನೇ ಇದ್ರೆ ನಿಮ್ಮ ಯುದ್ಧದ ನಕ್ಷೆ ಒಂದೊಂದೇ ಸ್ಟಾಪ್ ಆಗಿ ಬರುತ್ತದೆ.

ಮಮಾಯೆವ್ ಕುರ್ಗಾನ್ ಮೇಲೆ 85 ಮೀಟರ್ ಎತ್ತರದ ತಾಯಿಯ ಪ್ರತಿಮೆ ಇದೆ, ಕೈಯಲ್ಲಿ ಕತ್ತಿ. ಫೋಟೋದಲ್ಲಿ ಎಲ್ಲರೂ ನೋಡಿರುತ್ತೀರಿ. ನನಗೆ ಅದಕ್ಕಿಂತ ಮನಸ್ಸಿಗೆ ತಟ್ಟಿದ್ದು ಕೆಳಗಿನ ದುಂಡು ಸಭಾಂಗಣ. ಗೋಡೆ ತುಂಬಾ ಸತ್ತವರ ಹೆಸರು, ನಡುವೆ ನೆಲದಿಂದ ಎದ್ದ ಒಂದು ಕೈ, ಅದರಲ್ಲಿ ಪಂಜು. ಮೆಲ್ಲಗೆ ಒಂದು ಸಂಗೀತ ಬರುತ್ತಿರುತ್ತದೆ. ನನ್ನ ರೂಮ್‌ಮೇಟ್ ರಷ್ಯನ್ ಹುಡುಗಿ, ಕಿವಿಯಲ್ಲಿ ಹೇಳಿದಳು, ಇದು ಶೂಮನ್‌ದು ಅಂತ. ಶೂಮನ್ ಜರ್ಮನ್ ಸಂಗೀತಗಾರ! ಬೇಕಂತಲೇ ಇಟ್ಟಿದ್ದಾರಂತೆ. ಚುಯಿಕೋವ್ ಸಮಾಧಿಯೂ ಆ ಗುಡ್ಡದ ಮೇಲೇ ಇದೆ, 1982ರಲ್ಲಿ ಸತ್ತಾಗ ಇಲ್ಲೇ ತಂದು ಹೂಳಿದರು.

ನದಿ ಹತ್ತಿರ ಒಂದು ಹಳೆ ಹಿಟ್ಟಿನ ಗಿರಣಿ ಇದೆ, ಕೆಂಪು ಇಟ್ಟಿಗೆಯದು, ಅದನ್ನು ರಿಪೇರಿ ಮಾಡದೆ ಹಾಗೇ ಬಿಟ್ಟಿದ್ದಾರೆ. ಗೋಡೆಯಲ್ಲಿ ಗುಂಡಿನ ತೂತು ಲೆಕ್ಕ ಹಾಕೋಕೆ ಆಗಲ್ಲ. ರಸ್ತೆ ಆಚೆ ಪಾವ್ಲೋವ್‌ನ ಮನೆ. ಸಾರ್ಜೆಂಟ್ ಯಾಕೋವ್ ಪಾವ್ಲೋವ್ ಮತ್ತು ಕೆಲವೇ ಜನ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದು 58 ದಿನ ಬಿಡದ ನಾಲ್ಕು ಮಹಡಿ ಮನೆ. ಈಗ ಅಲ್ಲಿ ಜನ ವಾಸ ಇದ್ದಾರೆ, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿದ್ದನ್ನು ನೋಡಿ ನನಗೆ ಒಂಥರಾ ಆಯಿತು.

ಇಲ್ಲಿ ಯಾರೂ ಹೇಳದ ಒಂದು ವಿಷಯ: ಊರಿನ ಸಾಮಾನ್ಯ ಜನ. ಆಗಸ್ಟ್ 23ರಂದು ಲಕ್ಷಗಟ್ಟಲೆ ಜನ ಊರಲ್ಲೇ ಇದ್ದರು. ಎಷ್ಟೋ ಕುಟುಂಬಗಳು ಕಮರಿಗಳ ಮಣ್ಣಿನಲ್ಲಿ ಗುಂಡಿ ತೋಡಿಕೊಂಡು ತಿಂಗಳುಗಟ್ಟಲೆ ಬದುಕಿದ್ದಾರೆ, ಮೇಲೆ ಎರಡೂ ಕಡೆಯವರ ಗುಂಡು. ಆ ದಿನ ಉತ್ತರದಲ್ಲಿ ಟ್ಯಾಂಕುಗಳಿಗೆ ಮೊದಲು ಎದುರು ನಿಂತವರಲ್ಲಿ ವಿಮಾನ ಹೊಡೆಯುವ ತೋಪು ನಡೆಸುತ್ತಿದ್ದ ಹುಡುಗಿಯರೂ ಇದ್ದರು, 1077ನೇ ರೆಜಿಮೆಂಟಿನವರು. ಆಕಾಶಕ್ಕೆ ಹೊಡೆಯುವ ತೋಪನ್ನು ನೆಲಮಟ್ಟಕ್ಕೆ ಇಳಿಸಿ ಟ್ಯಾಂಕಿಗೆ ಹೊಡೆದರು, 37 ತೋಪೂ ಹಾಳಾಗುವವರೆಗೂ. ಎಷ್ಟೋ ಜನ ನನ್ನ ವಯಸ್ಸಿನವರು, ಕೆಲವರು ಇನ್ನೂ ಚಿಕ್ಕವರು.

ಹಳೇ_ಫಿಟ್ಟರ್

ಮಗಳೇ, ಚೆನ್ನಾಗಿ ಬರೆದೆ. ಒಂದು ಕೇಳಲಾ? ಆ ಕಾರ್ಖಾನೆಗಳು ಈಗ ಇದ್ದಾವಾ? ಕುಲುಮೆ ಓಡುತ್ತಾ?

ವೋಲ್ಗಾ_ತೀರದ_ಹುಡುಗಿ

ಅಂಕಲ್, ಕ್ರಾಸ್ನಿ ಅಕ್ತ್ಯಾಬರ್ ಇದೆ, ಉಕ್ಕು ಮಾಡುತ್ತದೆ. ಟ್ರ್ಯಾಕ್ಟರ್ ಕಾರ್ಖಾನೆ ದಿವಾಳಿಯಾಯಿತು, ಬಹಳಷ್ಟು ಶೆಡ್ ಕೆಡವಿಬಿಟ್ಟಿದ್ದಾರೆ. ಮುಂದಿನ ದೊಡ್ಡ ಗೇಟು ಉಳಿದಿದೆ. ಆ ಕಡೆ ಹೋದಾಗ ಫೋಟೋ ತೆಗೆದು ಹಾಕುತ್ತೇನೆ.

ಹಳೇ_ಫಿಟ್ಟರ್

ಕೆಡವಿದರಾ. ಸರಿ. ಗೇಟಿನ ಫೋಟೋ ಹಾಕು. ಶಿಫ್ಟ್ ಬದಲಾಗುವ ಹೊತ್ತಿಗೆ ಆಗುವುದಾದರೆ ಉಕ್ಕಿನ ಕಾರ್ಖಾನೆ ಗೇಟಿನದ್ದೂ ಒಂದು ತೆಗಿ, ಜನ ಹೊರಗೆ ಬರೋದು ನೋಡಬೇಕು.